ರೋಗ ಬರುವ ಮುನ್ನವೇ ಕೆಲಸ: ಆರೋಗ್ಯ ಜಾಗೃತಿಯಲ್ಲಿ ವೃತ್ತಿ ಕಟ್ಟಿಕೊಳ್ಳುವುದು ಹೇಗೆ?

ಬೆಂಗಳೂರಿನ ತಿಲಕ್ ನಗರದಲ್ಲಿ ಆಂಬುಲೆನ್ಸ್ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಆಚೀಚೆ ಜಯದೇವ ಹೃದ್ರೋಗ ಸಂಸ್ಥೆ, ಸಂಜಯ್ ಗಾಂಧಿ ಆಸ್ಪತ್ರೆ, ಜಯನಗರ ಜನರಲ್ ಆಸ್ಪತ್ರೆ. ಹೊಸೂರು ರಸ್ತೆಗೆ ಹೋದರೆ ನಿಮ್ಹಾನ್ಸ್, ಕಿದ್ವಾಯಿ. ಇಷ್ಟಿದ್ದೂ ಪಿಯುಸಿ ಮುಗಿಸಿದ ಇಲ್ಲಿನ ಮಕ್ಕಳಿಗೆ ಆರೋಗ್ಯ ಕ್ಷೇತ್ರವೆಂದರೆ ಡಾಕ್ಟರ್, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಅಷ್ಟೇ. ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನು ಆದಷ್ಟು ತಪ್ಪಿಸುವುದೂ ಒಂದು ವೃತ್ತಿ ಎಂದು ಅವರಿಗೆ ಹೇಳಿದವರು ಕಡಿಮೆ.

ನಲವತ್ತರೊಳಗಿನ ಹೃದ್ರೋಗಿಗಳಿಗಾಗಿಯೇ ಜಯದೇವದಲ್ಲಿ 2017ರಲ್ಲಿ ಪ್ರತ್ಯೇಕ ನೋಂದಣಿ ಅಧ್ಯಯನವೇ (ರಿಜಿಸ್ಟ್ರಿ) ಶುರುವಾಯಿತು. ಈ ವೃತ್ತಿಯ ಅಗತ್ಯವನ್ನು ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಹಂತಗಳನ್ನು ಒಂದೊಂದಾಗಿ ಹತ್ತಬಹುದು.

ಹಂತ 1: ಒಂದು ನೋಟ್‌ಬುಕ್, ಒಂದು ಬೀದಿ

ಮೊದಲು ಕೇಳಿಸಿಕೊಳ್ಳುವುದನ್ನು ಕಲಿಯಿರಿ. ಬಿಪಿ ತಪಾಸಣೆ ಶಿಬಿರವೊಂದರಲ್ಲಿ ಪಕ್ಕದಲ್ಲಿ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಮೊನ್ನೆ ನಾರ್ಮಲ್ ಅಂದ್ರು, ಅದಕ್ಕೇ ಮಾತ್ರೆ ಬಿಟ್ಟೆ.” ಅನುಭವವಿರುವ ಕಾರ್ಯಕರ್ತೆ ಗದರುವುದಿಲ್ಲ. “ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿದೆ ಅಮ್ಮಾ, ಡಾಕ್ಟರನ್ನ ಕೇಳದೆ ಬಿಡಬೇಡಿ” ಎನ್ನುತ್ತಾಳೆ. ಉಪ್ಪಿನ ವಿಷಯವೂ ಹಾಗೆಯೇ. ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಡುಗೆಮನೆಯಲ್ಲಿ ಗ್ರಾಂ ಯಾರಿಗೆ ಬೇಕು? ಸಾರು, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಒಂದು ಟೀ ಚಮಚದಷ್ಟು ಎಂದು ಚಮಚವನ್ನೇ ತೋರಿಸಿದರೆ ನೆನಪಿನಲ್ಲಿ ಉಳಿಯುತ್ತದೆ. ಜನ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ನೋಟ್‌ಬುಕ್‌ನಲ್ಲಿ ಬರೆದಿಡಿ. ಕನ್ನಡದ ಜತೆ ಉರ್ದು, ತಮಿಳು ಬಂದರೆ ಅದು ನಿಮ್ಮ ದೊಡ್ಡ ಬಂಡವಾಳ.

ಹಂತ 2: ಮೊದಲ ಕೆಲಸ

2005ರಲ್ಲಿ ಹಳ್ಳಿಗಳಿಗಾಗಿ ಶುರುವಾದ ಆಶಾ ವ್ಯವಸ್ಥೆ, 2013ರ ನಗರ ಆರೋಗ್ಯ ಅಭಿಯಾನದೊಂದಿಗೆ ಪಟ್ಟಣದ ಬಡಾವಣೆಗಳಿಗೂ ಬಂತು. ಅದೇ ಬಡಾವಣೆಯ ಮಹಿಳೆಯರಿಗೆ ಇದು ಮೊದಲ ಮೆಟ್ಟಿಲು. ಆದರೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಎಂಬುದು ತಿಳಿದಿರಲಿ. 50ರಿಂದ 100 ಮನೆಗಳಿಗೊಂದರಂತೆ ಇರುವ ಮಹಿಳಾ ಆರೋಗ್ಯ ಸಮಿತಿ, ಸರ್ಕಾರದ ‘ನಮ್ಮ ಕ್ಲಿನಿಕ್’, ಸ್ವಯಂಸೇವಾ ಸಂಸ್ಥೆಗಳ ಯೋಜನೆಗಳಲ್ಲೂ ಅನುಭವ ಪಡೆಯಬಹುದು.

ಹಂತ 3: ಓದು

ಯಾವುದೇ ಒಂದು ಪದವಿಯನ್ನೇ ಹಿಡಿದು ಕೂರಬೇಕಿಲ್ಲ. ನರ್ಸಿಂಗ್, ಗೃಹವಿಜ್ಞಾನ, ಮನೋವಿಜ್ಞಾನ, ಸಮಾಜಕಾರ್ಯ, ಪತ್ರಿಕೋದ್ಯಮ ಎಲ್ಲವೂ ಇಲ್ಲಿ ನೆರವಿಗೆ ಬರುತ್ತವೆ. ಅನಂತರ ಎಂಎಸ್‌ಡಬ್ಲ್ಯು ಅಥವಾ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ನಿಮ್ಹಾನ್ಸ್‌ನಲ್ಲಿ ಎಂಪಿಎಚ್ ಕೋರ್ಸ್ ಇದೆ. ಬೇರೆ ಕೋರ್ಸುಗಳ ಬಗ್ಗೆ ವಿಚಾರಿಸಬೇಕೆಂದರೆ, 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಚೇರಿ ಪಕ್ಕದ ಜಯನಗರ 4ನೇ ಟಿ ಬ್ಲಾಕ್‌ನಲ್ಲೇ ಇದೆ. ಅರ್ಹತೆ, ಶುಲ್ಕವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ.

ಹಂತ 4: ಒಂದು ವಿಷಯ ಆಳ, ಎರಡು ವಿಷಯ ಅಗಲ

ಯೋಜನೆ ಆಧಾರಿತ ಕೆಲಸಗಳು ಹೆಚ್ಚಾಗಿ ಗುತ್ತಿಗೆಯವು; ಅವಧಿ ಮುಗಿದರೆ ಕೆಲಸವೂ ಮುಗಿಯಿತು. ಹಾಗಾಗಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಬಿಪಿ, ಸಕ್ಕರೆ ಕಾಯಿಲೆಯಲ್ಲಿ ಪಳಗಿದವರು ತಂಬಾಕು ಬಿಡಿಸುವ ಸಮಾಲೋಚನೆ ಕಲಿಯಲಿ. ತಾಯಿ–ಮಗುವಿನ ಆರೋಗ್ಯದಲ್ಲಿ ದುಡಿದವರು ಮಾನಸಿಕ ಆರೋಗ್ಯದತ್ತ ಕಣ್ಣು ಹಾಯಿಸಲಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಮಾರ್ಗದರ್ಶಿ ಸಂಸ್ಥೆ ನಮ್ಮ ನಿಮ್ಹಾನ್ಸೇ. ಆರೋಗ್ಯ ಇಲಾಖೆಯಲ್ಲಿ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ, ಜಿಲ್ಲಾ ಆರೋಗ್ಯ ಶಿಕ್ಷಣಾಧಿಕಾರಿ ಹುದ್ದೆಗಳೂ ಇವೆ. ಶಾಲೆ, ಗಾರ್ಮೆಂಟ್ಸ್ ಕಾರ್ಖಾನೆ, ಕಂಪನಿಗಳಲ್ಲೂ ತರಬೇತಿಗೆ ಅವಕಾಶವುಂಟು.

ಹಂತ 5: ಹೇಳುವ ದಾರಿ

ಮೂರು ನಿಮಿಷದ ಮಾತು, ಒಂದು ಪುಟದ ಬರಹ, ಒಂದು ನಿಮಿಷದ ವಿಡಿಯೊ ಮಾಡಲು ಬರಲೇಬೇಕು. ಜೈನ್ ಸಮೂಹದ ರೇಡಿಯೊ ಆ್ಯಕ್ಟಿವ್ 90.4ರಂಥ ಸಮುದಾಯ ಬಾನುಲಿಗಳು ಒಳ್ಳೆಯ ಗರಡಿಮನೆ. ಏನನ್ನೇ ಪ್ರಕಟಿಸುವ ಮುನ್ನ ವೈದ್ಯರೊಬ್ಬರಿಗೂ ಬೀದಿಯ ಅಜ್ಜಿಯೊಬ್ಬರಿಗೂ ತೋರಿಸಿ. ಇಬ್ಬರೂ ಒಪ್ಪಿದರೆ ಮಾತು ಸರಿಯಾಗಿದೆ ಎಂದರ್ಥ.

ಹಂತ 6: ಬೀದಿಯಿಂದ ಕಾನೂನಿನವರೆಗೆ

ವ್ಯಕ್ತಿಯ ಅಭ್ಯಾಸ ಬದಲಾದರೆ ಸಾಲದು, ಅವನ ಸುತ್ತಲಿನ ಪರಿಸರವೂ ಬದಲಾಗಬೇಕು. 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹೊರಬಂದ ಆರೋಗ್ಯ ಸಂವರ್ಧನೆಯ ಸನ್ನದು ಇದನ್ನೇ ಹೇಳಿತು. ನಮ್ಮಲ್ಲಿ 2003ರ ತಂಬಾಕು ನಿಯಂತ್ರಣ ಕಾಯ್ದೆ ಇದೆ. ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟಿನಂಥ ತಂಬಾಕು ಉತ್ಪನ್ನ ಮಾರುವಂತಿಲ್ಲ. ನಿಮ್ಮ ಬೀದಿಯ ಶಾಲೆಯ ಕಾಂಪೌಂಡ್ ಗೋಡೆಯ ಹೊರ ಅಂಚಿನಿಂದ ಅಳತೆ ಹಿಡಿದು ನೋಡಿ. ಕಂಡದ್ದನ್ನು ನಕ್ಷೆ ಮಾಡಿ ಶಾಲೆಯವರ ಜತೆ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಅರ್ಜಿ ಕೊಡಿ. ನೀತಿ, ಸಂಶೋಧನೆಯ ಕೆಲಸಕ್ಕೆ ಮೊದಲ ಪಾಠ ಇಲ್ಲಿಯೇ ಆಗುತ್ತದೆ.

ಈ ವಾರವೇ ಶುರು ಮಾಡಿ

• ಹತ್ತಿರದ ನಮ್ಮ ಕ್ಲಿನಿಕ್‌ಗೆ ಹೋಗಿ, ಶಿಬಿರ ಯಾವಾಗ ಎಂದು ವಿಚಾರಿಸಿ.
• ಆಶಾ ಕಾರ್ಯಕರ್ತೆಯೊಬ್ಬರ ಅನುಮತಿ ಪಡೆದು ಒಂದು ಬೆಳಗ್ಗೆ ಅವರ ಜತೆ ನಡೆಯಿರಿ.
• ನೋಟ್‌ಬುಕ್‌ನಲ್ಲಿ ಹತ್ತು ಪ್ರಶ್ನೆ ಬರೆಯಿರಿ. ಹೆಸರು, ಮನೆ ನಂಬರು ಬೇಡ. ಜನರ ಗುಟ್ಟು ಕಾಯುವುದು ಈ ವೃತ್ತಿಯ ಮೊದಲ ಧರ್ಮ.

ಮುಂದೆ ಸಂದರ್ಶನದಲ್ಲಿ “ಏನು ಅನುಭವವಿದೆ?” ಎಂದು ಕೇಳಿದಾಗ, ಮಾತ್ರೆ ಬಿಟ್ಟ ಆ ತಾಯಿಗೆ ಏನು ಹೇಳುತ್ತೀರಿ ಎಂಬುದನ್ನು ಅವಳಿಗೆ ಹೇಳುವಂತೆಯೇ ಹೇಳಿ.