ಚಲನೆಯ ನಿಯಂತ್ರಣ – ತಳ ಗ್ಯಾಂಗ್ಲಿಯಾ ಮತ್ತು ಅನುಮಸ್ತಿಷ್ಕ: ಮುಖ್ಯಾಂಶಗಳು

ತಳ ಗ್ಯಾಂಗ್ಲಿಯಾ
- ಸ್ಥಾನ: ಮಹಾಮಸ್ತಿಷ್ಕದ ಆಳ ಮತ್ತು ಮಧ್ಯಮಿದುಳು
- ಘಟಕಗಳು: ಕಾಡೇಟ್, ಪುಟಾಮೆನ್, ಗ್ಲೋಬಸ್ ಪ್ಯಾಲಿಡಸ್, ಸಬ್‌ಥಾಲಮಿಕ್ ನ್ಯೂಕ್ಲಿಯಸ್, ಸಬ್‌ಸ್ಟಾನ್ಷಿಯಾ ನೈಗ್ರಾ
- ಸ್ಟ್ರಯಾಟಮ್ = ಕಾಡೇಟ್ + ಪುಟಾಮೆನ್
- ಲೆಂಟಿಫಾರ್ಮ್ ನ್ಯೂಕ್ಲಿಯಸ್ = ಪುಟಾಮೆನ್ + ಗ್ಲೋಬಸ್ ಪ್ಯಾಲಿಡಸ್
- ಕಾರ್ಯ: ಬೇಕಾದ ಚಲನೆಯ ಆಯ್ಕೆ ಮತ್ತು ಆರಂಭ, ಬೇಡದ ಚಲನೆಗೆ ತಡೆ
- ನೇರ ಮಾರ್ಗ: ಡಿ1 ಗ್ರಾಹಕ, ಚಲನೆಗೆ ಉತ್ತೇಜನ
- ಪರೋಕ್ಷ ಮಾರ್ಗ: ಡಿ2 ಗ್ರಾಹಕ, ಚಲನೆಗೆ ತಡೆ
- ಡೋಪಮಿನ್ ಪರಿಣಾಮ: ನೇರ ಮಾರ್ಗ ಪ್ರಬಲ, ಪರೋಕ್ಷ ಮಾರ್ಗ ದುರ್ಬಲ
- ಡೋಪಮಿನ್ ಮೂಲ: ಸಬ್‌ಸ್ಟಾನ್ಷಿಯಾ ನೈಗ್ರಾ, ನ್ಯೂರೋಮೆಲನಿನ್ ವರ್ಣಕದಿಂದ ಕಪ್ಪು ಪಟ್ಟಿಯಾಗಿ ಬರಿಗಣ್ಣಿಗೆ ಗೋಚರ, ಪಾರ್ಕಿನ್ಸನ್ ರೋಗದಲ್ಲಿ ಬಿಳಿಚು

ಅನುಮಸ್ತಿಷ್ಕ
- ಸ್ಥಾನ: ಹಿಮ್ಮಿದುಳು
- ತೂಕ: ವಯಸ್ಕರಲ್ಲಿ ಸುಮಾರು 150 ಗ್ರಾಂ
- ನರಕೋಶಗಳು: ಮಿದುಳಿನ ಸುಮಾರು 8,600 ಕೋಟಿಯಲ್ಲಿ 6,900 ಕೋಟಿ (2009ರ ಎಣಿಕೆ)
- ತೊಗಟೆಯ ಪದರಗಳು 3: ಮಾಲಿಕ್ಯುಲರ್, ಪುರ್ಕಿಂಜೆ, ಗ್ರ್ಯಾನ್ಯುಲರ್
- ಆಳದ ನ್ಯೂಕ್ಲಿಯಸ್‌ಗಳು 4: ಡೆಂಟೇಟ್ (ಅತಿ ದೊಡ್ಡದು), ಎಂಬಾಲಿಫಾರ್ಮ್, ಗ್ಲೋಬೋಸ್, ಫ್ಯಾಸ್ಟಿಜಿಯಲ್
- ಒಳಬರುವ ತಂತುಗಳು: ಮಾಸಿ, ಕ್ಲೈಂಬಿಂಗ್ (ಮೂಲ – ಇನ್‌ಫೀರಿಯರ್ ಆಲಿವ್)
- ತೊಗಟೆಯ ಏಕೈಕ ನಿರ್ಗಮನ: ಪುರ್ಕಿಂಜೆ ಕೋಶ, ನರವಾಹಕ – ಗಾಬಾ
- ಕಾರ್ಯ: ಸಮತೋಲನ, ಹೊಂದಾಣಿಕೆ, ಚಲನೆಯ ದೋಷ ತಿದ್ದುಪಡಿ, ಚಲನ ಕಲಿಕೆ
- ಮದ್ಯಪಾನಿಯ ತೂರಾಟ: ಅನುಮಸ್ತಿಷ್ಕದ ಕಾರ್ಯ ವ್ಯತ್ಯಯ

ವ್ಯತ್ಯಾಸ (ಪದೇ ಪದೇ ಕೇಳುವ ಅಂಶ)
- ತಳ ಗ್ಯಾಂಗ್ಲಿಯಾ ಹಾನಿ: ವಿಶ್ರಾಂತಿಯಲ್ಲಿ ಕಂಪನ (ಸೆಕೆಂಡಿಗೆ 4–6 ಬಾರಿ, ಹೆಬ್ಬೆರಳು–ತೋರುಬೆರಳ ನಡುವೆ ಗುಳಿಗೆ ಉರುಳಿಸುವಂತೆ), ಬಿಗಿತ, ನಿಧಾನ ಚಲನೆ, ಲಕ್ಷಣ ವಿರುದ್ಧ ಪಾರ್ಶ್ವದಲ್ಲಿ
- ಅನುಮಸ್ತಿಷ್ಕ ಹಾನಿ: ಗುರಿ ಸಮೀಪಿಸಿದಂತೆ ಹೆಚ್ಚುವ ಕಂಪನ, ಅಟಾಕ್ಸಿಯಾ, ತೊದಲು ಮಾತು, ಲಕ್ಷಣ ಅದೇ ಪಾರ್ಶ್ವದಲ್ಲಿ
- ಅನುಮಸ್ತಿಷ್ಕದ ಸರಳ ಪರೀಕ್ಷೆ: ಬೆರಳಿನಿಂದ ಮೂಗಿನ ತುದಿ ಮುಟ್ಟಿಸುವುದು
- ಸಮಾನ ಅಂಶ: ಥಾಲಮಸ್ ಮೂಲಕ ಮಹಾಮಸ್ತಿಷ್ಕದ ತೊಗಟೆಗೆ ಸಂಪರ್ಕ

ರೋಗಗಳು
- ಪಾರ್ಕಿನ್ಸನ್: ಡೋಪಮಿನ್ ಕೊರತೆ, ಲ್ಯೂಯಿ ಕಾಯಗಳು, ಪ್ರೋಟೀನ್ – ಆಲ್ಫಾ ಸಿನ್ಯೂಕ್ಲಿನ್
- ಹಂಟಿಂಗ್ಟನ್: ಸ್ಟ್ರಯಾಟಮ್, 4ನೇ ವರ್ಣತಂತು, ಸಿಎಜಿ ಪುನರಾವರ್ತನೆ
- ವಿಲ್ಸನ್: ತಾಮ್ರ ಸಂಚಯ, 13ನೇ ವರ್ಣತಂತು, ಜೀನ್ – ಎಟಿಪಿ7ಬಿ, ಕಣ್ಣಿನಲ್ಲಿ ಕೈಸರ್–ಫ್ಲೈಷರ್ ಉಂಗುರ
- ಹೆಮಿಬ್ಯಾಲಿಸ್ಮಸ್: ಸಬ್‌ಥಾಲಮಿಕ್ ನ್ಯೂಕ್ಲಿಯಸ್

ಇಸವಿಗಳು
- 1817: ಜೇಮ್ಸ್ ಪಾರ್ಕಿನ್ಸನ್ ಪ್ರಬಂಧ
- 1824: ಫ್ಲೂರೆನ್ಸ್ – ಅನುಮಸ್ತಿಷ್ಕ ಹೊಂದಾಣಿಕೆಯ ಕೇಂದ್ರ
- 1837: ಪುರ್ಕಿಂಜೆ ಕೋಶ
- 1872: ಜಾರ್ಜ್ ಹಂಟಿಂಗ್ಟನ್ ವಿವರಣೆ
- 1906: ಗೋಲ್ಜಿ, ಕಹಾಲ್ – ನೊಬೆಲ್
- 1912: ವಿಲ್ಸನ್ ರೋಗದ ವಿವರಣೆ, ಲ್ಯೂಯಿ ಕಾಯಗಳು
- 1937: ನಸುಗುನ್ನಿ ಬೀಜದಿಂದ ಎಲ್-ಡೋಪಾ ಪ್ರತ್ಯೇಕೀಕರಣ – ದಾಮೋದರನ್, ರಾಮಸ್ವಾಮಿ (ಮದ್ರಾಸ್)
- 1967: ಕೊಟ್ಜಿಯಾಸ್ – ಅಧಿಕ ಪ್ರಮಾಣದ ಡೋಪಾ ಚಿಕಿತ್ಸೆ
- 1987: ಬೆನಾಬಿಡ್ – ಆಳ ಮಿದುಳು ಉತ್ತೇಜನ (ಗ್ರೆನೋಬಲ್, ಫ್ರಾನ್ಸ್)
- 1993: ಹಂಟಿಂಗ್ಟನ್ ಜೀನ್ ಪತ್ತೆ
- 2000: ಅರ್ವಿದ್ ಕಾರ್ಲ್‌ಸನ್ – ಡೋಪಮಿನ್ ಸಂಶೋಧನೆಗೆ ನೊಬೆಲ್
- ಏಪ್ರಿಲ್ 11: ವಿಶ್ವ ಪಾರ್ಕಿನ್ಸನ್ ದಿನ (ಪಾರ್ಕಿನ್ಸನ್ ಜನನ – 1755)

ಔಷಧ
- ಡೋಪಮಿನ್: ರಕ್ತ–ಮಿದುಳು ತಡೆಯನ್ನು ದಾಟದು, ಎಲ್-ಡೋಪಾ: ದಾಟುತ್ತದೆ
- ಜೊತೆ ಔಷಧ: ಕಾರ್ಬಿಡೋಪಾ (ಮಿದುಳಿನ ಹೊರಗೆ ಡೋಪಮಿನ್ ಆಗಿ ಪರಿವರ್ತನೆಗೆ ತಡೆ)
- ಪಾರ್ಕಿನ್ಸನ್ ರೋಗಕ್ಕೆ ಆಯುರ್ವೇದದ ಹೆಸರು: ಕಂಪವಾತ
- ವಿಲ್ಸನ್ ರೋಗಕ್ಕೆ: ಪೆನಿಸಿಲಮಿನ್, ಸತು

ಕರ್ನಾಟಕ: ನಿಮ್ಹಾನ್ಸ್, ಬೆಂಗಳೂರು
- 1925: ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ
- 1954: ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ
- 27 ಡಿಸೆಂಬರ್ 1974: ಎರಡರ ವಿಲೀನ, ನಿಮ್ಹಾನ್ಸ್ ಸ್ಥಾಪನೆ
- 1994: ಪರಿಗಣಿತ ವಿಶ್ವವಿದ್ಯಾಲಯ
- 2012: ರಾಷ್ಟ್ರೀಯ ಮಹತ್ವದ ಸಂಸ್ಥೆ (ಕಾಯ್ದೆ)
- ಸ್ಥಾಪಕ ನಿರ್ದೇಶಕ: ಡಾ. ಆರ್. ಮಾರ್ತಾಂಡ ವರ್ಮ, ಪದ್ಮಶ್ರೀ 1972
- ವರ್ಮ ವಿಧಾನ: ತಲೆಬುರುಡೆ ತಳದ ಫೊರಾಮೆನ್ ಒವೇಲ್ ರಂಧ್ರದ ಮೂಲಕ ಸೂಜಿ ಇಳಿಸಿ ಪಾರ್ಕಿನ್ಸನ್ ಶಸ್ತ್ರಚಿಕಿತ್ಸೆ
- 1995: ಮಾನವ ಮಿದುಳು ಅಂಗಾಂಶ ಭಂಡಾರ
- 2007: ಮೂರು ದಶಕಗಳ 282 ವಿಲ್ಸನ್ ರೋಗಿಗಳ ಅಧ್ಯಯನ ಪ್ರಕಟಣೆ