ಮರಳುಗಾಡಿನ ಸಸ್ಯಗಳ ಅಭ್ಯಾಸಕ್ಕೆ ತೋಟಗಾರಿಕಾ ಸಂಘದ ವಿದ್ಯಾರ್ಥಿವೇತನ

ಪೇಟೆಯಲ್ಲಿ ಬೆಲೆಯಿರುವ ಬೆಳೆಗಳ ಸಂಶೋಧನೆಗೆ ಸರ್ಕಾರವೋ ಬೀಜದ ಕಂಪನಿಗಳೋ ಹಣ ಒದಗಿಸುವುದುಂಟು. ಕ್ವಿಂಟಾಲಿನ ಲೆಕ್ಕದಲ್ಲಿ ಮಾರಲಾಗದ ಮುಳ್ಳುಗಿಡವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ನೆರವಾಗುವವರು ಯಾರು? ಅಮೆರಿಕದಲ್ಲಿ ಈ ಹೊಣೆಯ ಒಂದು ಪಾಲನ್ನು ಮನೆತೋಟದ ಹವ್ಯಾಸಿಗಳೇ ಹೊತ್ತಿದ್ದಾರೆ.

1913ರಲ್ಲಿ ಸ್ಥಾಪನೆಯಾದ ಗಾರ್ಡನ್ ಕ್ಲಬ್ ಆಫ್ ಅಮೆರಿಕ ಹಲವು ಊರುಗಳ ತೋಟಗಾರಿಕಾ ಸಂಘಗಳ ಒಕ್ಕೂಟ. ಇದು ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದು ಮರಳುಗಾಡಿನ ಅಧ್ಯಯನಕ್ಕೇ ಮೀಸಲಾಗಿದೆ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1939ರಲ್ಲಿ ಆರಂಭವಾದ ಡೆಸರ್ಟ್ ಬೊಟಾನಿಕಲ್ ಗಾರ್ಡನ್ ಎಂಬ ಸಸ್ಯೋದ್ಯಾನದ ಸಹಯೋಗದಲ್ಲಿ ಇದು ನಡೆಯುತ್ತದೆ. ಸಸ್ಯಶಾಸ್ತ್ರ, ತೋಟಗಾರಿಕೆ, ಪರಿಸರ ವಿಜ್ಞಾನದ ವಿದ್ಯಾರ್ಥಿಗಳಲ್ಲದೆ ಒಣಪ್ರದೇಶದ ಉದ್ಯಾನ ವಿನ್ಯಾಸ ಕಲಿಯುವವರೂ ಇದರ ವ್ಯಾಪ್ತಿಗೆ ಬರುತ್ತಾರೆ.

ನಿಧಾನವಾಗಿ ಬೆಳೆಯುವ ಗಿಡ

ಇಂಥ ನೆರವು ಏಕೆ ಬೇಕೆಂಬುದನ್ನು ಅಲ್ಲಿನ ಸವಾರೊ ಕಳ್ಳಿಯಿಂದ ತಿಳಿಯಬಹುದು. (ಮುರಿದರೆ ಹಾಲು ಸುರಿಸುವ ನಮ್ಮ ಬೇಲಿಯ ಕಳ್ಳಿ ಬೇರೆ, ಅದು ಔಡಲದ ಕುಟುಂಬಕ್ಕೆ ಸೇರಿದ್ದು. ಅಮೆರಿಕದಿಂದ ಬಂದ ಪಾಪಾಸುಕಳ್ಳಿ ಮಾತ್ರ ಸವಾರೊವಿನ ಕುಟುಂಬದ್ದು.) ಸವಾರೊ 40 ಅಡಿ ಎತ್ತರಕ್ಕೆ ಏರಬಲ್ಲದು, 150 ವರ್ಷ ಬದುಕಬಲ್ಲದು. ಆದರೆ ಮೊದಲ ಎಂಟು ವರ್ಷಗಳಲ್ಲಿ ಅದು ಬೆಳೆಯುವುದು ಒಂದರಿಂದ ಒಂದೂವರೆ ಅಂಗುಲ ಮಾತ್ರ. ಮೊದಲ ತೋಳು ಮೂಡಲು 50ರಿಂದ 75 ವರ್ಷಗಳೇ ಬೇಕು. ವಿದ್ಯಾರ್ಥಿಗಾದರೋ ಸಿಗುವ ಅವಧಿ ಎರಡು ಮೂರು ವರ್ಷ. ಹೀಗಾಗಿ ಬೇರೆ ಬೇರೆ ವಯಸ್ಸಿನ ಗಿಡಗಳನ್ನು ಹೋಲಿಸಿ ನೋಡಬೇಕು, ಹಿಂದಿನವರು ಅಳೆದಿಟ್ಟ ಲೆಕ್ಕಗಳನ್ನು ಆಧರಿಸಬೇಕು.

ಎಳೆಯ ಸಸಿ ಬಯಲಿನಲ್ಲಿ ಉಳಿಯುವುದು ಕಷ್ಟ. ಮೆಸ್ಕೀಟ್ ಅಥವಾ ಪಾಲೋ ವರ್ಡೆ ಮರದ ನೆರಳಿನಲ್ಲಿ ಬಿದ್ದ ಬೀಜಕ್ಕೆ ಬಿಸಿಲಿನಿಂದಲೂ ಚಳಿಯಿಂದಲೂ ರಕ್ಷಣೆ ದೊರೆಯುತ್ತದೆ. ಇಂಥ ಮರಕ್ಕೆ 'ದಾದಿ ಮರ' ಎನ್ನುತ್ತಾರೆ. ಮೆಸ್ಕೀಟ್ ಎಂದರೆ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ನಮ್ಮ ಹೊಲಗಳಿಗೆ ನುಗ್ಗಿ ತೊಂದರೆ ಕೊಡುವ ಈ ಬಳಗ ತನ್ನ ತವರಿನಲ್ಲಿ ದಾದಿಯ ಕೆಲಸ ಮಾಡುತ್ತಿರುವುದು ವಿಚಿತ್ರವೇ ಸರಿ.

ರಾತ್ರಿಯ ಸೆಕೆ

2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಥವಾ ದಾಟಿತು. ಎಷ್ಟೋ ರಾತ್ರಿ ಅದು 32 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಎತ್ತರದ ಸವಾರೊಗಳು ತೋಳು ಕಳಚಿ ಉರುಳಿದವು. ಸಸ್ಯೋದ್ಯಾನದೊಳಗೂ ಗಿಡಗಳು ಸತ್ತವು. ಮರಳುಗಾಡಿನ ಗಿಡ ಬಿಸಿಲಿಗೆ ಸತ್ತೀತೇ ಎಂದು ಯಾರಾದರೂ ಕೇಳಬಹುದು. ಕಾರಣ ರಾತ್ರಿಯಲ್ಲಿದೆ. ನಮ್ಮ ಕತ್ತಾಳೆ, ಅನಾನಸ್‌ಗಳಂತೆ ಸವಾರೊ ಕೂಡ ನೀರು ಉಳಿಸಲು ಹಗಲು ತನ್ನ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ರಾತ್ರಿಯೇ ಕಾದರೆ ಈ ವ್ಯವಸ್ಥೆ ಕೆಡುತ್ತದೆ, ಗಿಡ ಸೊರಗುತ್ತದೆ. ಕಾಂಕ್ರೀಟು, ಡಾಂಬರು ಹಗಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುವ ನಗರದಲ್ಲಿ ಅಪಾಯ ಇನ್ನೂ ಹೆಚ್ಚು. ಇಂದು ಬಿದ್ದ ಮರದ ಜಾಗಕ್ಕೆ ಸಸಿ ನೆಟ್ಟರೆ ಅದು ತೋಳು ಬಿಡುವುದನ್ನು ನೋಡಲು ನೆಟ್ಟವನು ಇರಲಾರ. ಆದ್ದರಿಂದ ಯಾವ ಗಿಡ ಸೆಕೆ ತಾಳುತ್ತದೆ, ಯಾವುದು ತಾಳದು ಎಂಬುದನ್ನು ಈಗಲೇ ತಿಳಿಯಬೇಕಾಗಿದೆ.

ಉದ್ಯಾನ ವಿನ್ಯಾಸದ ವಿಷಯ ಇದಕ್ಕಿಂತ ಸರಳ. ವರ್ಷಕ್ಕೆ ಸುಮಾರು 7 ಅಂಗುಲ ಮಳೆ ಬೀಳುವ ಊರಿನಲ್ಲಿ ಹುಲ್ಲುಹಾಸಿಗೆ ಕುಡಿಯುವ ನೀರು ಸುರಿಯುವುದು ದುಬಾರಿ. 1981ರಲ್ಲಿ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ ಇದಕ್ಕೊಂದು ಕ್ರಮ ರೂಪಿಸಿ 'ಜೆರಿಸ್ಕೇಪ್' ಎಂದು ಹೆಸರಿಟ್ಟಿತು. ನೀರಿನ ಅಗತ್ಯಕ್ಕೆ ತಕ್ಕಂತೆ ಗಿಡಗಳನ್ನು ಗುಂಪು ಮಾಡಿ ನೆಡುವುದು, ಬುಡಕ್ಕೆ ಹೊದಿಕೆ ಹಾಕುವುದು, ಹುಲ್ಲನ್ನು ಬೇಕಾದಷ್ಟೇ ಜಾಗಕ್ಕೆ ಸೀಮಿತಗೊಳಿಸುವುದು ಇದರ ಮುಖ್ಯ ಅಂಶಗಳು. ಒಣಭೂಮಿಯ ಹಿತ್ತಲಲ್ಲಿ ಬಾಳೆಗೂ ನುಗ್ಗೆಗೂ ಒಂದೇ ಕಾಲುವೆಯಿಂದ ನೀರು ಬಿಡುವವರು ಮೊದಲನೆಯ ಅಂಶವನ್ನು ಇದೇ ಬೇಸಿಗೆಯಲ್ಲಿ ಪರೀಕ್ಷಿಸಿ ನೋಡಬಹುದು.