ಪಾಂಡುರೋಗ ಮತ್ತು ನರಹಾನಿ: ಎರಡಕ್ಕೂ ಒಂದೇ ಬೇರು

ಮುಖ ಬಿಳಿಚಿಕೊಳ್ಳುವುದು, ಮೆಟ್ಟಿಲೇರುವಾಗ ಏದುಸಿರು, ಸದಾ ಆಯಾಸ. ಇವು ಪಾಂಡುರೋಗದ, ಅಂದರೆ ರಕ್ತಹೀನತೆಯ ಲಕ್ಷಣಗಳೆಂಬುದು ಎಲ್ಲರಿಗೂ ತಿಳಿದದ್ದೇ. ಇವುಗಳೊಡನೆ ಅಂಗಾಲು ಜೋಮು ಹಿಡಿಯುವುದು, ಕಾಲಿನಿಂದ ಚಪ್ಪಲಿ ಜಾರಿದರೂ ಅರಿವಾಗದಿರುವುದು, ಕಣ್ಣು ಮುಚ್ಚಿ ಮುಖ ತೊಳೆಯುವಾಗ ದೇಹ ತೂರಾಡುವುದು ಕಂಡುಬಂದರೆ ಅದನ್ನು ಮುಪ್ಪಿನ ದೋಷವೆಂದು ಕಡೆಗಣಿಸಬಾರದು. ರಕ್ತ ಮತ್ತು ನರ, ಎರಡರ ತೊಂದರೆಗೂ ಬಿ-12 ಜೀವಸತ್ವದ ಕೊರತೆಯೇ ಮೂಲವಾಗಿರಬಹುದು.

ಈ ಜೀವಸತ್ವವಿಲ್ಲದೆ ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳು ಸರಿಯಾಗಿ ರೂಪುಗೊಳ್ಳವು. ಗಾತ್ರದಲ್ಲಿ ಹಿಗ್ಗಿ, ಸಂಖ್ಯೆಯಲ್ಲಿ ಕುಗ್ಗುತ್ತವೆ. ಜೊತೆಗೆ ಹೋಮೋಸಿಸ್ಟೀನ್ ಎಂಬ ವಸ್ತು ಮಾರ್ಪಾಡಾಗದೆ ರಕ್ತದಲ್ಲಿ ಶೇಖರವಾಗುತ್ತದೆ. ಅದು ಹೆಚ್ಚಿದಂತೆ ಜೀವಕೋಶಗಳನ್ನು ಕೆಡಿಸುವ ಉಗ್ರ ಆಮ್ಲಜನಕ ಕಣಗಳೂ ಹೆಚ್ಚುತ್ತವೆ. ಇದೇ ಆಕ್ಸಿಡೇಟಿವ್ ಒತ್ತಡ. ಕಬ್ಬಿಣಕ್ಕೆ ಹಿಡಿಯುವ ತುಕ್ಕಿನಂತಹದು. ನರತಂತುಗಳ ಮೇಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದಕ್ಕೆ ಸುಲಭವಾಗಿ ತುತ್ತಾಗುತ್ತದೆ. ಆ ಹೊದಿಕೆಯ ರಕ್ಷಣೆಗೂ ಬಿ-12 ಬೇಕಾದ್ದರಿಂದ ಹಾನಿ ಇಮ್ಮಡಿಯಾಗುತ್ತದೆ.

ವೃತ್ತಿಯ ಆರಂಭದಲ್ಲಿ ನಾನೂ ಪಾಂಡುವೆಂದೊಡನೆ ಮಂಡೂರ, ಲೋಹಭಸ್ಮದ ಯೋಗಗಳನ್ನೇ ಕೊಡುತ್ತಿದ್ದೆ. ಕಾಲಿನ ಜೋಮನ್ನು ಬೇರೆಯದೇ ವಾತವಿಕಾರವೆಂದು ಬಗೆದು ತೈಲಾಭ್ಯಂಗ ಹೇಳುತ್ತಿದ್ದೆ. ಅದು ನನ್ನ ತಪ್ಪು. ಕಬ್ಬಿಣದ ಔಷಧವು ಬಿ-12 ಕೊರತೆಯನ್ನು ನೀಗದು. ಫೋಲಿಕ್ ಆಮ್ಲವೊಂದನ್ನೇ ಸೇವಿಸಿದರೆ ರಕ್ತ ಸುಧಾರಿಸಿದಂತೆ ಕಾಣುವುದು, ಆದರೆ ನರದ ಹಾನಿ ಒಳಗೊಳಗೇ ಮುಂದುವರಿಯುವುದು. ನೆಲ್ಲಿಕಾಯಿ ಉತ್ತಮ ಆಹಾರವೇ ಸರಿ, ಆದರೆ ಅದೂ ಬಿ-12ಕ್ಕೆ ಬದಲಿಯಾಗದು.

ಧಾನ್ಯ, ಬೇಳೆ, ಸೊಪ್ಪು, ತರಕಾರಿಗಳಿಂದ ಈ ಜೀವಸತ್ವ ದೊರೆಯದು. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರು, ಮಜ್ಜಿಗೆಗಳೇ ಮುಖ್ಯ ಆಧಾರ. ವಯಸ್ಕರಿಗೆ ದಿನಕ್ಕೆ ಬೇಕಾದುದು ಸುಮಾರು 2.2 ಮೈಕ್ರೋಗ್ರಾಂ ಮಾತ್ರ. ಆದರೂ ವೃದ್ಧರಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಆಮ್ಲಪಿತ್ತಕ್ಕೆ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಅದು ಸರಿಯಾಗಿ ಹೀರಲ್ಪಡದು. ಅಂತಹವರು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸದೆ, ವೈದ್ಯರ ಸಲಹೆ ಪಡೆದು ರಕ್ತದ ಬಿ-12 ಪ್ರಮಾಣವನ್ನು ಪರೀಕ್ಷಿಸಿಕೊಳ್ಳಬೇಕು.

ಹಿಮೋಗ್ಲೋಬಿನ್ ಸ್ತ್ರೀಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಆದರೆ ಅದು ಸರಿಯಾಗಿದ್ದಾಗಲೂ ನರಹಾನಿ ತಲೆದೋರಬಹುದೆಂಬುದು ನೆನಪಿರಲಿ. ಕೊರತೆ ಖಚಿತವಾದರೆ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ರಕ್ತ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ನರ ಹಾಗಲ್ಲ, ತಡವಾದಷ್ಟೂ ಕಳೆದುಕೊಂಡುದು ಮರಳಿ ಬಾರದು. ಆದ್ದರಿಂದ ಮನೆಯ ಹಿರಿಯರು ಕಾಲು ಜೋಮೆಂದಾಗ ಎಣ್ಣೆಯ ಬಟ್ಟಲಿನ ಜೊತೆಗೆ ರಕ್ತಪರೀಕ್ಷೆಯೂ ನೆನಪಾಗಲಿ.